ಬೆಲೆ ಆಮೇಲೆ, ಮೊದಲು ಪೈಪಿನ ಕುತ್ತಿಗೆ ಓದಿ

ಹುಣಸೂರು, ಪಿರಿಯಾಪಟ್ಟಣದ ಕಡೆಯವರು ಇಲ್ಲಿ ಹಲವರಿದ್ದೀರಿ. ಹರಾಜು ಅಂದರೇನು ಅಂತ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ನಮ್ಮ ಮೈಸೂರು ಜಿಲ್ಲೆಯ ವರ್ಜೀನಿಯಾ ಹೊಗೆಸೊಪ್ಪು 1984ರಿಂದ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಯಲ್ಲೇ ಮಾರಾಟವಾಗುತ್ತಿದೆ. ಬೇಲ್‌ಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಕೊಳ್ಳುವವರು ಬೇಲಿನಿಂದ ಎಲೆ ಎಳೆದು ನೋಡುತ್ತಾರೆ, ಬೆರಳಲ್ಲಿ ಉಜ್ಜುತ್ತಾರೆ, ಬಣ್ಣ ನೋಡುತ್ತಾರೆ, ಆಮೇಲೆ ಬೆಲೆ ಕಟ್ಟುತ್ತಾರೆ. ಕೂಗುವ ಪದ್ಧತಿ ಹೋಗಿ ಈಗ ಕೈಯಲ್ಲಿ ಯಂತ್ರ ಬಂದಿದೆ. ಆದರೆ ಎಲೆ ಮುಟ್ಟಿ ನೋಡುವುದು ನಿಂತಿಲ್ಲ.

ತಂಬಾಕು ಸೇದುವ ಹಳೆಯ ಪೈಪ್‌ಗಳನ್ನು ಕೊಳ್ಳುವ ಆನ್‌ಲೈನ್ ಹರಾಜಿನಲ್ಲಿ ಇಲ್ಲದಿರುವುದು ಈ ಮುಟ್ಟುವ ಭಾಗವೇ. ಹಳೆಯ ಪೈಪ್ ಒಂದು ಲಂಡನ್ನಿನಲ್ಲೋ ಒಹಾಯೋದಲ್ಲೋ ಯಾರದೋ ಮೇಜಿನ ಮೇಲೆ ಇರುತ್ತದೆ. ನಿಮ್ಮ ಮುಂದೆ ಇರುವುದು ಏಳೆಂಟು ಫೋಟೊ, ನಾಲ್ಕು ಸಾಲಿನ ವಿವರಣೆ, ಒಂದು ಓಡುವ ಗಡಿಯಾರ. ಆ ಗಡಿಯಾರ ನೋಡುತ್ತಾ ಕೂತರೆ ಕೈ ತಾನಾಗೇ ಬಿಡ್ ಗುಂಡಿಯ ಕಡೆ ಹೋಗುತ್ತದೆ. ಅದನ್ನು ಬಿಟ್ಟು ಪೈಪಿನ ಕುತ್ತಿಗೆ ನೋಡಿ ಅಂತ ಹೇಳುವುದಕ್ಕೇ ನಾನು ಬಂದಿರುವುದು. ತಂಬಾಕು ತುಂಬುವ ಬೌಲಿಗೂ ಬಾಯಿಗೆ ಇಡುವ ಸ್ಟೆಮ್ಮಿಗೂ ನಡುವಿನ ಮರದ ಭಾಗವನ್ನು ನಾನು ಕುತ್ತಿಗೆ ಅನ್ನುತ್ತೇನೆ. ತಯಾರಕನ ಮುದ್ರೆ ಇರುವುದು ಅಲ್ಲೇ. ಪೈಪಿನ ವಯಸ್ಸು, ಊರು, ಮನೆತನ ಎಲ್ಲ ಅಲ್ಲಿ ಬರೆದಿರುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಸೇದುವವನಲ್ಲ. ತಂಬಾಕಿನಿಂದ ಆಗುವ ಕೇಡು ನಮ್ಮ ಜಿಲ್ಲೆಯವರಿಗೆ ಬೇರೆಯವರಿಗಿಂತ ಚೆನ್ನಾಗಿ ಗೊತ್ತು. ನಾನು ಕೂಡಿಡುವುದು ಕೈಕೆಲಸದ ವಸ್ತುವನ್ನು. ನಿಮ್ಮಲ್ಲಿ ನಾಣ್ಯ, ಅಂಚೆಚೀಟಿ, ಹಳೆಯ ಗಡಿಯಾರ ಕೂಡಿಡುವವರು ಇದ್ದೀರಿ. ಆ ಆಸೆ ಎಂಥದ್ದು ಅಂತ ನಿಮಗೂ ಗೊತ್ತು.

ಮರದ ವಿಷಯಕ್ಕೆ ಬರೋಣ. ಒಳ್ಳೆಯ ಹಳೆಯ ಪೈಪ್‌ಗಳಲ್ಲಿ ಬಹುಪಾಲು ಬ್ರಯರ್ ಮರದವು. ಮೆಡಿಟರೇನಿಯನ್ ಸಮುದ್ರದ ಸುತ್ತಮುತ್ತ, ಕಾರ್ಸಿಕಾ, ಸಾರ್ಡಿನಿಯಾ, ಇಟಲಿಯ ಕಲಾಬ್ರಿಯಾ, ಅಲ್ಜೀರಿಯಾ, ಗ್ರೀಸ್‌ನಲ್ಲಿ ಎರಿಕಾ ಅರ್ಬೋರಿಯಾ ಅನ್ನುವ ಪೊದೆಗಿಡ ಬೆಳೆಯುತ್ತದೆ. ಅದರ ಬುಡದಲ್ಲಿ, ಬೇರಿಗೂ ಕಾಂಡಕ್ಕೂ ನಡುವೆ, ಒಂದು ದೊಡ್ಡ ಗಂಟು ಕಟ್ಟುತ್ತದೆ. ಆ ಗಂಟೇ ಬ್ರಯರ್. ಅದನ್ನು ಅಗೆದು, ಕತ್ತರಿಸಿ, ಗಂಟೆಗಟ್ಟಲೆ ಕುದಿಸಿ, ತಿಂಗಳುಗಟ್ಟಲೆ ನೆರಳಲ್ಲಿ ಒಣಗಿಸುತ್ತಾರೆ. ಬೆಂಕಿಗೆ ಸುಲಭವಾಗಿ ಸುಡುವುದಿಲ್ಲ, ತೇವ ಹೀರುತ್ತದೆ, ಹಗುರ. ಫ್ರಾನ್ಸಿನ ಜೂರಾ ಬೆಟ್ಟಗಳಲ್ಲಿ ಸೇಂಟ್-ಕ್ಲೋಡ್ ಅನ್ನುವ ಊರಿನ ಕೆಲಸಗಾರರು 19ನೇ ಶತಮಾನದ ಮಧ್ಯಭಾಗದಲ್ಲಿ ಈ ಮರದಲ್ಲಿ ಪೈಪ್ ಕಡೆಯಲು ಶುರುಮಾಡಿದರು. ಅದಕ್ಕೂ ಮೊದಲು ಯುರೋಪಿನಲ್ಲಿ ಜೇಡಿಮಣ್ಣಿನ ಪೈಪ್ ಇತ್ತು, ಅನುಕೂಲಸ್ಥರಿಗೆ ಮೀರ್‌ಶಾಮ್ ಇತ್ತು. ಮೀರ್‌ಶಾಮ್ ಅಂದರೆ ಟರ್ಕಿಯ ಎಸ್ಕಿಶೆಹಿರ್ ಸುತ್ತ ಸಿಗುವ ಬಿಳಿಯ ಮೃದು ಖನಿಜ. ಬಳಸಿದಂತೆಲ್ಲ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಅದರ ಕೆತ್ತನೆ ನೋಡಲು ಬಹಳ ಚೆಂದ. ಆದರೆ ಹೆಚ್ಚಿನವುಗಳ ಮೇಲೆ ಮುದ್ರೆ ಇರುವುದಿಲ್ಲ. ಹೊಸಬರು ಫೋಟೊ ನೋಡಿ ಮೀರ್‌ಶಾಮ್ ಕೊಳ್ಳಬೇಡಿ ಅನ್ನುವುದು ನನ್ನ ಅಭಿಪ್ರಾಯ. ಬ್ರಯರ್‌ನಿಂದ ಶುರುಮಾಡಿ.

ಈಗ ಕುತ್ತಿಗೆ. ಎರಡು ಮನೆತನ ತೆಗೆದುಕೊಂಡು ನಿಧಾನವಾಗಿ ಓದೋಣ.

ಮೊದಲನೆಯದು ಡನ್‌ಹಿಲ್. ಆಲ್‌ಫ್ರೆಡ್ ಡನ್‌ಹಿಲ್ 1907ರಲ್ಲಿ ಲಂಡನ್ನಿನ ಡ್ಯೂಕ್ ಸ್ಟ್ರೀಟ್‌ನಲ್ಲಿ ತಂಬಾಕಿನ ಅಂಗಡಿ ತೆರೆದ. 1910ರಲ್ಲಿ ತನ್ನದೇ ಪೈಪ್ ಮಾಡಿಸಲು ಶುರುಮಾಡಿದ. ಸ್ಟೆಮ್ ಮೇಲಿನ ಬಿಳಿ ಚುಕ್ಕೆ ಅವನ ಗುರುತು. ನೆಟ್ಟಗಿನ ಸ್ಟೆಮ್ಮನ್ನು ಗಿರಾಕಿಗಳು ತಲೆಕೆಳಗಾಗಿ ಸಿಕ್ಕಿಸಬಾರದು ಅಂತ ಮೇಲಿನ ಬದಿ ತೋರಿಸಲು ಆ ಚುಕ್ಕೆ ಇಟ್ಟ ಅಂತ ಹೇಳುತ್ತಾರೆ. ಹರಾಜಿನಲ್ಲಿ ಜನ ಈ ಚುಕ್ಕೆ ನೋಡಿದ ಕೂಡಲೇ ಬೆಲೆ ಏರಿಸುತ್ತಾರೆ. ಚುಕ್ಕೆಯೊಂದನ್ನೇ ನಂಬಬೇಡಿ. ಯಾವ ಸ್ಟೆಮ್ಮಿಗಾದರೂ ಸಣ್ಣ ತೂತು ಕೊರೆದು ಬಿಳಿ ಚುಕ್ಕೆ ಕೂರಿಸಬಹುದು. ಒಂದು ಪೈಪಿನ ಸ್ಟೆಮ್ ತೆಗೆದು ಇನ್ನೊಂದಕ್ಕೆ ಹಾಕಬಹುದು. ಕುತ್ತಿಗೆಯ ಮುದ್ರೆ ಬದಲಿಸುವುದು ಅಷ್ಟು ಸುಲಭವಲ್ಲ.

ಆ ಮುದ್ರೆಯಲ್ಲಿ ಮೇಡ್ ಇನ್ ಇಂಗ್ಲೆಂಡ್ ಅಂತ ಇರುತ್ತದೆ. ಇಂಗ್ಲೆಂಡ್ ಅನ್ನುವ ಪದದ ಕೊನೆಯ ಡಿ ಅಕ್ಷರದ ಪಕ್ಕ ಒಂದು ಪುಟ್ಟ ಅಂಕಿ ಕಾಣುತ್ತದೆ. ಅದು ತಯಾರಾದ ವರ್ಷದ ಸುಳಿವು. 5 ಇದ್ದರೆ 1925 ಇರಬಹುದು. 1945 ಇರಬಹುದು, 1955 ಕೂಡ ಇರಬಹುದು. ಮಾರುವವರು ಸಹಜವಾಗಿ ಹಳೆಯ ವರ್ಷವನ್ನೇ ಬರೆಯುತ್ತಾರೆ. ಹಾಗಾದರೆ ಯಾವುದು ಅಂತ ಹೇಗೆ ಗೊತ್ತಾಗಬೇಕು? ಕುತ್ತಿಗೆಯ ಉಳಿದ ಭಾಗ ನೋಡಿ. ವೃತ್ತದ ಒಳಗೆ ಒಂದು ಅಂಕಿ, ಅದರ ಪಕ್ಕ ಒಂದು ಅಕ್ಷರ ಇದೆಯಾ? ವೃತ್ತದೊಳಗಿನ ಅಂಕಿ ಪೈಪಿನ ಗಾತ್ರದ ಗುಂಪು. ಅಕ್ಷರ ಮೇಲ್ಮೈಯ ಬಗೆ. ಎಸ್ ಇದ್ದರೆ ಶೆಲ್, ಅಂದರೆ ಮರಳು ಚಿಮ್ಮಿಸಿ ಮೇಲ್ಮೈಯನ್ನು ಉಬ್ಬುತಗ್ಗು ಮಾಡಿದ ಪೈಪ್. ಈ ವೃತ್ತದ ಪದ್ಧತಿ ಬಂದದ್ದು 1950ರ ದಶಕದ ಆರಂಭದಲ್ಲಿ. ಹಾಗಾಗಿ ವೃತ್ತವೂ ಇದೆ, 5 ಕೂಡ ಇದೆ ಅಂದರೆ ಅದು 1925ರದ್ದಾಗಲು ಸಾಧ್ಯವೇ ಇಲ್ಲ. ವೃತ್ತ ಇಲ್ಲ, ಪೇಟೆಂಟ್ ಸಂಖ್ಯೆ ಇದೆ ಅಂದರೆ ಹಳೆಯದರ ಕಡೆಗೆ ವಾಲಬಹುದು. ಒಂದು ಅಂಗುಲ ಜಾಗದಲ್ಲಿ ಇಷ್ಟೆಲ್ಲ ಇದೆ. ಇದನ್ನು ಓದಲು ಎರಡು ನಿಮಿಷ ಸಾಕು. ಆ ಎರಡು ನಿಮಿಷಕ್ಕೆ ಬೆಲೆ ಎಷ್ಟೋ ಪಟ್ಟು ಹೆಚ್ಚುಕಮ್ಮಿ ಆಗುತ್ತದೆ.

ಎರಡನೆಯದು ಪೀಟರ್ಸನ್, ಐರ್ಲೆಂಡಿನ ಡಬ್ಲಿನ್ ನಗರದ್ದು. ನನಗೆ ತುಂಬಾ ಇಷ್ಟವಾದ ಮನೆತನ ಇದು. ಅಲ್ಲಿನ ಕಾಪ್ ಸಹೋದರರ ಪೈಪ್ ಅಂಗಡಿಗೆ ಚಾರ್ಲ್ಸ್ ಪೀಟರ್ಸನ್ ಅನ್ನುವ ಲಾಟ್ವಿಯಾದ ಕುಶಲಕರ್ಮಿ ಬಂದು ಸೇರಿದ. ಹೊಗೆಯ ತೇವ ಬಾಯಿಗೆ ಬರದಂತೆ ಕುತ್ತಿಗೆಯ ಒಳಗೇ ಒಂದು ಸಣ್ಣ ಗುಂಡಿ ಕೊರೆದು ಅದರಲ್ಲಿ ತೇವ ನಿಲ್ಲಿಸುವ ಉಪಾಯ ಅವನದು. ಅದಕ್ಕೆ 1890ರಲ್ಲಿ ಪೇಟೆಂಟ್ ಸಿಕ್ಕಿತು. ಇಂದಿಗೂ ಅದನ್ನು ಸಿಸ್ಟಮ್ ಪೈಪ್ ಅಂತಲೇ ಕರೆಯುತ್ತಾರೆ.

ಪೀಟರ್ಸನ್ ಕುತ್ತಿಗೆ ಓದುವುದು ಅಂದರೆ ಐರ್ಲೆಂಡಿನ ಚರಿತ್ರೆ ಓದಿದ ಹಾಗೆಯೇ. 1922ರ ಡಿಸೆಂಬರಿನಲ್ಲಿ ಐರಿಶ್ ಫ್ರೀ ಸ್ಟೇಟ್ ಹುಟ್ಟಿತು, ಪೈಪಿನ ಮೇಲೆ ಆ ಹೆಸರು ಬಂತು. 1937ರ ಕೊನೆಯಲ್ಲಿ ಹೊಸ ಸಂವಿಧಾನ ಬಂದು ದೇಶದ ಹೆಸರು ಏರೆ ಆಯಿತು, ಮುದ್ರೆಯೂ ಏರೆ ಆಯಿತು. 1949ರಲ್ಲಿ ಗಣರಾಜ್ಯವಾಯಿತು, ಅಲ್ಲಿಂದ ರಿಪಬ್ಲಿಕ್ ಆಫ್ ಐರ್ಲೆಂಡ್. ಏರೆ ಮುದ್ರೆ ಕೆಲವೇ ವರ್ಷ ಇದ್ದದ್ದು. ಅದಕ್ಕೇ ಅದು ಅಪರೂಪ.

ಇಲ್ಲಿ ಒಂದು ಪ್ರಸಂಗ ಹೇಳಬೇಕು. ಸರಸ್ವತಿಪುರಂನ ಹಿರಿಯರೊಬ್ಬರು ತಮ್ಮ ತಂದೆಯ ಪೈಪ್ ತಂದು ತೋರಿಸಿದರು. ತಂದೆ ಕೊಡಗಿನ ಕಾಫಿ ತೋಟವೊಂದರಲ್ಲಿ ಮ್ಯಾನೇಜರ್ ಆಗಿದ್ದವರಂತೆ. ಕುತ್ತಿಗೆಯ ತುದಿಯಲ್ಲಿ ಹೊಳೆಯುವ ಲೋಹದ ಬಳೆ, ಅದರ ಮೇಲೆ ಮೂರು ಪುಟ್ಟ ಚಿತ್ರ. "ಬೆಳ್ಳಿ ಅಲ್ವೇನ್ರೀ ಇದು? ಹಾಲ್‌ಮಾರ್ಕ್ ಇದೆಯಲ್ಲ" ಅಂತ ಕೇಳಿದರು. ಮಸೂರ ಹಿಡಿದು ನೋಡಿದೆವು. ಒಂದು ಮೂರೆಸಳಿನ ಶ್ಯಾಮ್‌ರಾಕ್ ಎಲೆ, ಒಂದು ಮಲಗಿದ ಪ್ರಾಣಿ, ಒಂದು ದುಂಡನೆಯ ಗೋಪುರ. ಇದು ಬೆಳ್ಳಿಯ ಹಾಲ್‌ಮಾರ್ಕ್ ಅಲ್ಲ. ಪೀಟರ್ಸನ್‌ನವರು ನಿಕಲ್ ಬಳೆಯ ಮೇಲೆ ಒತ್ತುತ್ತಿದ್ದ ಅಲಂಕಾರದ ಗುರುತು. ಡಬ್ಲಿನ್ನಿನ ನಿಜವಾದ ಬೆಳ್ಳಿ ಗುರುತಿನಲ್ಲಿ ಕುಳಿತಿರುವ ಹೈಬರ್ನಿಯಾ ಎಂಬ ಸ್ತ್ರೀ, ಕಿರೀಟ ಹೊತ್ತ ಹಾರ್ಪ್ ವಾದ್ಯ, ವರ್ಷ ತಿಳಿಸುವ ಒಂದು ಅಕ್ಷರ, ಈ ಮೂರು ಇರುತ್ತವೆ. ಹಿರಿಯರಿಗೆ ಸ್ವಲ್ಪ ಬೇಜಾರಾಯಿತು. ಆಮೇಲೆ ಪೈಪ್ ಹೊರಳಿಸಿ ಮರದ ಮೇಲಿನ ಮುದ್ರೆ ಓದಿದರೆ, ಐರಿಶ್ ಫ್ರೀ ಸ್ಟೇಟ್! ಅಂದರೆ ತಂದೆಯವರು ಅದನ್ನು ಹೊಸದಾಗಿ ಕೊಂಡಿದ್ದರೆ ಹೆಚ್ಚುಕಮ್ಮಿ ತಮ್ಮ ಯೌವನದಲ್ಲೇ ಕೊಂಡಿರಬೇಕು. ಅವರು ಅದನ್ನು ಮಾರಲಿಲ್ಲ. ಮಾರಬೇಡಿ ಅಂತ ನಾನೂ ಹೇಳಿದೆ.

ಹರಾಜಿನಲ್ಲಿ ಇದೇ ನಿಕಲ್ ಬಳೆಯನ್ನು ಬೆಳ್ಳಿ ಅಂತ ಬರೆದಿರುವುದನ್ನು ನೀವು ವಾರಕ್ಕೊಮ್ಮೆಯಾದರೂ ನೋಡುತ್ತೀರಿ. ಮಾರುವವರಲ್ಲಿ ಹಲವರಿಗೆ ನಿಜವಾಗಿಯೂ ಗೊತ್ತಿರುವುದಿಲ್ಲ. ಅದನ್ನು ಮೋಸ ಅನ್ನಲಾಗದು. ಗೊತ್ತಿರಬೇಕಾದವರು ನಾವು. ಮತ್ತೆ ಬಳೆ ಅಂದ ಕೂಡಲೇ ಇನ್ನೊಂದು ವಿಷಯ. ಕುತ್ತಿಗೆ ಸೀಳಿದರೆ ಅದನ್ನು ಬಿಗಿಯಾಗಿ ಹಿಡಿಯಲು ಆಮೇಲೆ ಬಳೆ ಹಾಕಿಸುವ ರೂಢಿ ಹಿಂದೆ ಇತ್ತು. ಬಳೆಯ ಅಂಚು ಮುದ್ರೆಯ ಅರ್ಧ ಅಕ್ಷರವನ್ನು ಮುಚ್ಚಿದ್ದರೆ ಅದು ಕಾರ್ಖಾನೆಯಲ್ಲಿ ಹಾಕಿದ ಬಳೆ ಅಲ್ಲ. ಸ್ಟೆಮ್ ತೆಗೆದು ಕುತ್ತಿಗೆಯ ತುದಿಯನ್ನು ನೇರವಾಗಿ ತೋರಿಸುವ ಫೋಟೊ ಕೇಳಿ. ಸೀಳು ಇದ್ದರೆ ಅಲ್ಲಿ ಕಾಣುತ್ತದೆ.

ಫೋಟೊ ಕೇಳಲು ಸಂಕೋಚಪಡಬೇಡಿ. ಮುದ್ರೆಯ ಮೇಲೆ ಓರೆಯಾಗಿ ಬೆಳಕು ಬೀಳುವ ಹಾಗೆ ತೆಗೆದ ಫೋಟೊ, ಬೌಲಿನ ಅಂಚನ್ನು ಮೇಲಿನಿಂದ ತೆಗೆದದ್ದು, ಸ್ಟೆಮ್ಮಿನ ಹಲ್ಲು ಕಚ್ಚುವ ಜಾಗದ ಎರಡೂ ಬದಿ. ಇಷ್ಟು ಬಂದರೆ ಮುಕ್ಕಾಲು ಪಾಲು ತಿಳಿದ ಹಾಗೆ. ಒಳ್ಳೆಯ ವ್ಯಾಪಾರಿ ಅದೇ ದಿನ ಕಳಿಸುತ್ತಾರೆ. ಕೇಳಿದರೂ ಕಳಿಸದವರ ಹತ್ತಿರ ನಾನು ಬಿಡ್ ಮಾಡುವುದಿಲ್ಲ.

ಇನ್ನೊಂದು ಮಾತು ಕೇಳಿದರೆ ನಿಮಗೆ ಆಶ್ಚರ್ಯ ಆಗಬಹುದು. ಫಳಫಳ ಹೊಳೆಯುವ ಹಳೆಯ ಪೈಪ್‌ಗಿಂತ ಕೊಳಕು ಪೈಪ್ ವಾಸಿ. ಹಳೆಯ ಸ್ಟೆಮ್‌ಗಳು ಹೆಚ್ಚಾಗಿ ವಲ್ಕನೈಟ್‌ನವು. ರಬ್ಬರಿಗೆ ಗಂಧಕ ಬೆರೆಸಿ ಗಟ್ಟಿ ಮಾಡಿದ ವಸ್ತು ಅದು. ಬೆಳಕಿಗೆ ಬಿದ್ದು ವರ್ಷಗಳಾದರೆ ಕಪ್ಪು ಹೋಗಿ ಹಸಿರು ಮಿಶ್ರಿತ ಕಂದು ಬಣ್ಣ ಬರುತ್ತದೆ. ಹೊಸಬರು ಇದನ್ನು ನೋಡಿ ಹಾಳಾಗಿದೆ ಅಂದುಕೊಳ್ಳುತ್ತಾರೆ. ಹಾಳಾಗಿಲ್ಲ. ನಿಧಾನವಾಗಿ ಉಜ್ಜಿದರೆ ಕಪ್ಪು ವಾಪಸ್ ಬರುತ್ತದೆ. ಆದರೆ ಯಂತ್ರದ ಬಟ್ಟೆಚಕ್ರಕ್ಕೆ ಕೊಟ್ಟು ಮಿಂಚಿಸಿದ ಪೈಪಿನಲ್ಲಿ ಮುದ್ರೆ ಸವೆದಿರುತ್ತದೆ, ಅಂಚುಗಳು ದುಂಡಗಾಗಿರುತ್ತವೆ. ಸವೆದ ಮುದ್ರೆಯನ್ನು ಯಾರೂ ವಾಪಸ್ ತರಲಾರರು. ನಾಣ್ಯ ಸಂಗ್ರಹಿಸುವವರು ತಲೆ ಆಡಿಸುತ್ತಿದ್ದೀರಿ. ನಿಮ್ಮಲ್ಲೂ ಹುಣಿಸೆಹಣ್ಣು ಹಾಕಿ ತಿಕ್ಕಿದ ನಾಣ್ಯದ ಗತಿ ಇದೇ ಅಲ್ವಾ.

ಕೊಳಕಿನಲ್ಲಿ ಹೆದರಬೇಕಾದದ್ದೂ ಇದೆ. ಬೌಲಿನ ಹೊರಗೋಡೆಯಲ್ಲಿ ಒಂದೇ ಕಡೆ ಕಪ್ಪಗೆ ಮಚ್ಚೆ ಇದ್ದರೆ ಒಳಗಿನಿಂದ ಸುಟ್ಟಿರಬಹುದು. ಒಳಗೆ ಮಸಿಯ ಪದರ ತುಂಬಾ ದಪ್ಪಗಿದ್ದರೆ ಅದರ ಹಿಂದೆ ಬಿರುಕು ಅಡಗಿರಬಹುದು. ಕಚ್ಚಿ ತೂತಾದ ಸ್ಟೆಮ್ ರಿಪೇರಿ ಆಗುತ್ತದೆ, ಆದರೆ ಬೆಲೆಯಲ್ಲಿ ಅದನ್ನು ಕಳೆಯಬೇಕು.

ಈಗ ಬಿಡ್. ಇಬೇ ಅನ್ನುವ ಆನ್‌ಲೈನ್ ಹರಾಜು ತಾಣ ಶುರುವಾದದ್ದು 1995ರಲ್ಲಿ, ಅದನ್ನು ಕಟ್ಟಿದ ಪಿಯರ್ ಒಮಿಡ್ಯಾರ್ ಅದನ್ನು ಆಕ್ಷನ್‌ವೆಬ್ ಅಂತ ಕರೆದಿದ್ದ. ಅದರ ಭಾರತದ ತಾಣ 2018ರಲ್ಲಿ ಮುಚ್ಚಿತು. ಹಾಗಾಗಿ ನಾವು ಈಗ ಕೊಳ್ಳುವುದು ಹೊರದೇಶದ ತಾಣದಿಂದಲೇ. ಅಲ್ಲಿ ನೀವು ನಿಮ್ಮ ಗರಿಷ್ಠ ಬೆಲೆ ಹೇಳುತ್ತೀರಿ. ತಾಣ ಅದನ್ನು ಗುಟ್ಟಾಗಿ ಇಟ್ಟುಕೊಂಡು, ಬೇಕಾದಷ್ಟು ಮಾತ್ರ ಏರಿಸುತ್ತಾ ಹೋಗುತ್ತದೆ. ನೀವು 120 ಡಾಲರ್ ಹೇಳಿದ್ದೀರಿ, ಇನ್ನೊಬ್ಬರ ಗರಿಷ್ಠ 82 ಡಾಲರ್ ಅಂದುಕೊಳ್ಳಿ. ಆ ಮಟ್ಟದಲ್ಲಿ ಒಂದೊಂದು ಡಾಲರಿನ ಮೆಟ್ಟಿಲು. ನಿಮಗೆ 83 ಡಾಲರಿಗೆ ಸಿಗುತ್ತದೆ, 120 ಕೊಡಬೇಕಾಗಿಲ್ಲ.

ಅಂಚೆಚೀಟಿಯವರಿಗೆ ಇದು ಹೊಸದಲ್ಲ. 19ನೇ ಶತಮಾನದ ಕೊನೆಯಲ್ಲೇ ಅಮೆರಿಕದ ಅಂಚೆಚೀಟಿ ವ್ಯಾಪಾರಿಗಳು ಅಂಚೆಯಲ್ಲಿ ಬಿಡ್ ತರಿಸಿಕೊಂಡು, ಗೆದ್ದವರಿಂದ ಎರಡನೆಯವರ ಬೆಲೆಯ ಲೆಕ್ಕದಲ್ಲಿ ಹಣ ಪಡೆಯುತ್ತಿದ್ದರು. 1961ರಲ್ಲಿ ವಿಲಿಯಂ ವಿಕ್ರಿ ಅನ್ನುವ ಅರ್ಥಶಾಸ್ತ್ರಜ್ಞ ಇದರ ಗಣಿತ ಬರೆದರು. ಎರಡನೆಯ ಬೆಲೆ ಕೊಡುವ ಹರಾಜಿನಲ್ಲಿ ಪ್ರತಿಯೊಬ್ಬರಿಗೂ ಲಾಭದ ದಾರಿ ಒಂದೇ: ಆ ವಸ್ತು ನಿಮಗೆ ಎಷ್ಟು ಬೆಲೆ ಬಾಳುತ್ತದೋ ಅಷ್ಟನ್ನೇ ನೇರವಾಗಿ ಹೇಳುವುದು. 1996ರಲ್ಲಿ ಅವರಿಗೆ ನೊಬೆಲ್ ಘೋಷಣೆಯಾಯಿತು. ಘೋಷಣೆಯಾದ ಮೂರೇ ದಿನಕ್ಕೆ ಅವರು ತೀರಿಕೊಂಡರು. ಪಾಪ, ಬಹುಮಾನ ಕೈಗೆ ತೆಗೆದುಕೊಳ್ಳಲು ಆಗಲಿಲ್ಲ.

ಗಣಿತ ಸರಿ, ಆದರೆ ಹರಾಜಿಗೆ ಬರುವವರು ಮನುಷ್ಯರು. ನೀವು ಮೂರು ದಿನ ಮೊದಲೇ ಬಿಡ್ ಮಾಡಿದರೆ ಇನ್ನೊಬ್ಬರು ಬಂದು ಎರಡೆರಡು ಡಾಲರ್ ಏರಿಸುತ್ತಾ ನಿಮ್ಮ ಮಿತಿ ಎಲ್ಲಿದೆ ಅಂತ ಕೆದಕುತ್ತಾರೆ. ಅವರಿಗೆ ಮೊದಲು ಅಷ್ಟು ಆಸೆ ಇರುವುದಿಲ್ಲ, ನಿಮ್ಮನ್ನು ನೋಡಿ ಆಸೆ ಹುಟ್ಟುತ್ತದೆ. ಅದಕ್ಕೆ ಒಂದೇ ಸಲ, ಕೊನೆಯ ಹತ್ತು ಸೆಕೆಂಡಿನಲ್ಲಿ, ನಿಮ್ಮ ಪೂರ್ತಿ ಮಿತಿ ಹಾಕಿ. ದುಂಡು ಸಂಖ್ಯೆ ಬೇಡ. 120ರ ಬದಲು 121.37 ಅಂತ ಹಾಕಿ. ಇಬ್ಬರದೂ ಒಂದೇ ಮೊತ್ತವಾದರೆ ಮೊದಲು ಹಾಕಿದವರಿಗೆ ಹೋಗುತ್ತದೆ, ಕೊನೆಯಲ್ಲಿ ಬಂದ ನೀವು ಸೋಲುತ್ತೀರಿ. ಅಮೆರಿಕದವರು ಭಾನುವಾರ ಸಂಜೆಗೆ ಮುಗಿಯುವ ಹಾಗೆ ಹರಾಜು ಇಡುವುದು ಜಾಸ್ತಿ. ನಮಗೆ ಅದು ಸೋಮವಾರ ಬೆಳಗಿನ ಜಾವ. ಕಾಫಿ ಕುಡಿಯುತ್ತಾ ಬಿಡ್ ಮಾಡಬಹುದು. ಆದರೆ ಹರಾಜು ಸಂಸ್ಥೆಗಳ ತಾಣಗಳಲ್ಲಿ ಈ ಉಪಾಯ ನಡೆಯುವುದಿಲ್ಲ. ಹಲವು ಕಡೆ ಕೊನೆಯ ಕ್ಷಣದಲ್ಲಿ ಬಿಡ್ ಬಂದರೆ ಸಮಯ ತಾನಾಗೇ ಮುಂದಕ್ಕೆ ಹೋಗುತ್ತದೆ. ಮೇಲಾಗಿ ಅಲ್ಲಿ ಗೆದ್ದ ಬೆಲೆಯ ಮೇಲೆ ಶೇಕಡ 20-25, ಕೆಲವೊಮ್ಮೆ ಇನ್ನೂ ಹೆಚ್ಚು, ಕೊಳ್ಳುವವರ ಕಮಿಷನ್ ಕೊಡಬೇಕು.

ಮಿತಿ ನಿರ್ಧರಿಸುವುದು ಹೇಗೆ? ಹಿಂದಿನಿಂದ ಲೆಕ್ಕ ಹಾಕಿ. ಪೈಪ್ ಮೈಸೂರಿನ ನಿಮ್ಮ ಮನೆ ಬಾಗಿಲಿಗೆ ಬಂದು ಸೇರುವ ಹೊತ್ತಿಗೆ ಒಟ್ಟು ಎಷ್ಟು ರೂಪಾಯಿ ಕೊಡಲು ಸಿದ್ಧ ಅಂತ ಮೊದಲು ಬರೆಯಿರಿ. ಅದರಿಂದ ಸಾಗಣೆ ಕಳೆಯಿರಿ. ಸುಂಕ ಕಳೆಯಿರಿ. ನೆನಪಿಡಿ, ಸುಂಕ ಪೈಪಿನ ಬೆಲೆಗೆ ಮಾತ್ರ ಅಲ್ಲ, ಸಾಗಣೆ ವೆಚ್ಚ ಸೇರಿಸಿದ ಮೊತ್ತಕ್ಕೆ ಹಾಕುತ್ತಾರೆ. ಕಾರ್ಡಿನವರು ವಿದೇಶಿ ಹಣಕ್ಕೆ ಹಿಡಿಯುವ ಶುಲ್ಕ ಕಳೆಯಿರಿ. ಉಳಿದದ್ದೇ ನಿಮ್ಮ ಬಿಡ್. ಎಷ್ಟೋ ಸಲ ಅದು ನೋಡಲು ತೀರಾ ಕಮ್ಮಿ ಅನ್ನಿಸುತ್ತದೆ. ಅನ್ನಿಸಲಿ. ಹಳೆಯ ಪೈಪ್‌ಗಳು ಲಕ್ಷಗಟ್ಟಲೆ ತಯಾರಾದ ವಸ್ತು. ಇವತ್ತು ಕೈತಪ್ಪಿದ ಮಾದರಿ ಇನ್ನೊಂದು ಸಲ ಬಂದೇ ಬರುತ್ತದೆ.

ಕಾರ್ಡಿನಲ್ಲಿ ವಿದೇಶಿ ಪಾವತಿಯನ್ನು ಮೊದಲೇ ಆನ್ ಮಾಡಿಸಿಕೊಳ್ಳಿ, ಗೆದ್ದ ಮೇಲೆ ಪರದಾಡಬೇಡಿ. ಕೊರಿಯರ್‌ನವರು ಗುರುತಿನ ದಾಖಲೆ ಕೇಳುತ್ತಾರೆ, ಕೊಡಬೇಕು. ಪೊಟ್ಟಣದಲ್ಲಿ ಪೈಪ್ ಮಾತ್ರ ಇರಲಿ, ತಂಬಾಕಿನ ಡಬ್ಬಿ ಜೊತೆಗೆ ಹಾಕಬೇಡಿ ಅಂತ ಮಾರುವವರಿಗೆ ಬರೆಯಿರಿ. ಇನ್ನು ದಂತ. ತೀರಾ ಹಳೆಯ ಪೈಪ್‌ಗಳಲ್ಲಿ ಆನೆದಂತದ ತುಂಡು ಇರುವುದುಂಟು. ಅಂಥದ್ದನ್ನು ಎಷ್ಟೇ ಚೆಂದ ಇದ್ದರೂ ಮುಟ್ಟಬೇಡಿ. ನಮ್ಮ ದೇಶದಲ್ಲಿ ಅದರ ವ್ಯಾಪಾರ ನಿಷಿದ್ಧ. ಆನೆಗಳು ಓಡಾಡುವ ಕಾಡಿನ ಪಕ್ಕದಲ್ಲೇ ಇರುವ ನಮಗೆ ಅದರ ಕಾರಣ ಬಿಡಿಸಿ ಹೇಳಬೇಕಾಗಿಲ್ಲ.

ಪೈಪ್ ಬಂದ ಮೇಲೆ ಒಳಗಿನ ಹಳೆಯ ವಾಸನೆ ಹೋಗಲು ಬೌಲಿಗೆ ಉಪ್ಪು ತುಂಬಿ, ಐಸೊಪ್ರೊಪೈಲ್ ಆಲ್ಕೋಹಾಲ್ ಹನಿಸಿ ಒಂದು ರಾತ್ರಿ ಬಿಡುತ್ತಾರೆ. ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಇದು ಬ್ರಯರ್‌ಗೆ ಮಾತ್ರ, ಮೀರ್‌ಶಾಮ್‌ಗೆ ಬೇಡವೇ ಬೇಡ. ಸ್ಟೆಮ್ ಬಿಗಿಯಾಗಿ ಕೂತಿದ್ದರೆ ಬಲವಂತ ಮಾಡಬೇಡಿ. ಸ್ವಲ್ಪ ಹೊತ್ತು ಫ್ರೀಜರ್‌ನಲ್ಲಿಟ್ಟು, ಆಮೇಲೆ ಮೆಲ್ಲಗೆ ತಿರುಗಿಸಿ. ಇಡುವಾಗ ಬಿಸಿಲು ಬೀಳುವ ಗಾಜಿನ ಕಪಾಟು ಬೇಡ, ವಲ್ಕನೈಟ್ ಮತ್ತೆ ಕಂದು ತಿರುಗುತ್ತದೆ. ನಾಣ್ಯದವರು ಇದನ್ನು ವಿಶೇಷವಾಗಿ ಕೇಳಿಸಿಕೊಳ್ಳಿ. ಹಳೆಯ ಸ್ಟೆಮ್ ಇರುವ ಪೈಪನ್ನು ಬೆಳ್ಳಿ ನಾಣ್ಯಗಳ ಜೊತೆ ಒಂದೇ ಮುಚ್ಚಿದ ಪೆಟ್ಟಿಗೆಯಲ್ಲಿ ಇಡಬೇಡಿ. ರಬ್ಬರಿನಲ್ಲಿರುವ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತದೆ.

ಕೆಲವರು ಮಾರುವ ಬಗ್ಗೆ ಕೇಳಿದಿರಿ. ಅಜ್ಜನ ಪೈಪ್ ಮನೆಯಲ್ಲಿದೆ, ಹೊರದೇಶದ ಹರಾಜಿಗೆ ಹಾಕಬಹುದಾ ಅಂತ. ನೂರು ವರ್ಷ ದಾಟಿದ ಚಾರಿತ್ರಿಕ ವಸ್ತುವನ್ನು ದೇಶದಿಂದ ಹೊರಗೆ ಕಳಿಸುವುದಕ್ಕೆ 1972ರ ಪ್ರಾಚ್ಯವಸ್ತು ಕಾಯಿದೆಯ ಅಡ್ಡಿ ಇದೆ. ಅಷ್ಟು ಹಳೆಯದು ಅನ್ನುವ ಅನುಮಾನ ಬಂದರೆ ಪುರಾತತ್ವ ಸರ್ವೇಕ್ಷಣೆಯ ಕಚೇರಿಯಲ್ಲಿ ಕೇಳಿ, ಆಮೇಲೆ ಮುಂದುವರಿಯಿರಿ. ವಯಸ್ಸು ತಿಳಿಯುವುದು ಹೇಗೆ ಅಂದರೆ ಮತ್ತೆ ಅದೇ ಕುತ್ತಿಗೆ. ಬೆಳಗ್ಗೆ ಕಿಟಕಿಯ ಪಕ್ಕ ಹಿಡಿದು, ಬೆಳಕು ಓರೆಯಾಗಿ ಬೀಳುವ ಹಾಗೆ ತಿರುಗಿಸಿ, ಎರಡೂ ಬದಿಯ ಫೋಟೊ ತೆಗೆಯಿರಿ. ಅದಕ್ಕೂ ಮೊದಲು ಬ್ರಾಸೊ ಹಾಕಿ ಬಳೆ ತಿಕ್ಕಬೇಡಿ. ಯಾರ ಪೈಪ್, ಅವರು ಎಲ್ಲಿ ಕೆಲಸ ಮಾಡುತ್ತಿದ್ದರು, ಯಾವಾಗ ಕೊಂಡದ್ದು, ಮನೆಯ ಹಿರಿಯರಿಗೆ ಗೊತ್ತಿದ್ದಷ್ಟನ್ನು ಒಂದು ಚೀಟಿಯಲ್ಲಿ ಬರೆದು ಪೈಪಿನ ಜೊತೆಗೇ ಇಡಿ.

ಈ ಮೇಜಿನ ಮೇಲೆ ಕೆಲವು ಪೈಪ್ ಇಟ್ಟಿದ್ದೇನೆ, ಪಕ್ಕದಲ್ಲಿ ಮಸೂರವೂ ಇದೆ. ಎಡಗಡೆ ಇರುವ ಎರಡು ಪೀಟರ್ಸನ್‌ಗಳಲ್ಲಿ ಒಂದರ ಬಳೆ ಬೆಳ್ಳಿಯದು, ಇನ್ನೊಂದರದು ನಿಕಲ್. ಕೈಗೆ ತೆಗೆದುಕೊಂಡು ಯಾವುದು ಯಾವುದು ಅಂತ ನೀವೇ ಓದಿ ಹೇಳಿ.